ನಮ್ಮ ಮನೆಯ ವಾರ್ಷಿಕ ಜಗಳ

ಪ್ರತಿಯೊಂದು ಮನೆಗೂ ಅದರದೇ ಆದ ಒಂದು ಸಂಪ್ರದಾಯ ಇರಬೇಕು ಎಂದು ನಾನು ಒಂದು ಕಾಲದಲ್ಲಿ ಬಹಳ ಹಂಬಲಿಸುತ್ತಿದ್ದೆ. ಹಬ್ಬ ಹರಿದಿನ ಎಲ್ಲರಿಗೂ ಇರುತ್ತವೆ, ಅದು ಬೇರೆ ಮಾತು. ನಮ್ಮ ಮನೆಯವರು ಮಾತ್ರ ಮಾಡುವಂಥದ್ದು, ಮುಂದೆ ಮೊಮ್ಮಕ್ಕಳು 'ನಮ್ಮ ಅಜ್ಜ ಹಾಕಿಕೊಟ್ಟ ಪದ್ಧತಿ' ಎಂದು ನೆನೆಸುವಂಥದ್ದು ಏನಾದರೂ ಒಂದು ಇರಲಿ ಎಂಬ ಆಸೆ. ಈ ಹುಚ್ಚು ಹತ್ತಿದ್ದು ಕೊಪ್ಪಳ ಹೊಸದಾಗಿ ಜಿಲ್ಲೆಯಾದ ಕಾಲಕ್ಕೆ. ರಾಯಚೂರಿನಲ್ಲಿ ಗುಮಾಸ್ತನಾಗಿದ್ದ ನನ್ನನ್ನು ಹೊಸ ಜಿಲ್ಲೆಯ ಹೊಸ ಕಚೇರಿಗೆ ಎತ್ತಿಹಾಕಿದರು. ಕಚೇರಿಯಲ್ಲಿ ಕುರ್ಚಿ ಇತ್ತು, ಮೇಜು ಇನ್ನೂ ಬಂದಿರಲಿಲ್ಲ. ಮೇಜಿಲ್ಲದ ನೌಕರನಿಗೆ ಮನೆಯ ಬಗ್ಗೆ ವಿಚಾರ ಮಾಡಲು ಬೇಕಾದಷ್ಟು ಪುರುಸೊತ್ತು.

ಮೊದಲು 'ಟಿವಿ ಇಲ್ಲದ ಭಾನುವಾರ' ಎಂದು ಸಾರಿದೆ. ಅದು ಆ ಭಾನುವಾರವೇ ಸಂಜೆ ನಾಲ್ಕಕ್ಕೆ, ಸಿನಿಮಾ ಶುರುವಾಗುವ ಹೊತ್ತಿಗೆ ತೀರಿಕೊಂಡಿತು. ಮೊದಲು ಟಿವಿ ಹಚ್ಚಿದವನು ನಾನೇ. ಆಮೇಲೆ ತಿಂಗಳಿಗೊಮ್ಮೆ ನಾನು ರೊಟ್ಟಿ ಬಡಿಯುವುದು ಎಂದು ಗೊತ್ತುಮಾಡಿದೆ. ನಾನು ಬಡಿದ ರೊಟ್ಟಿಯನ್ನು ನನ್ನ ಹೆಂಡತಿ ಗಿರಿಜಾ ಕೈಯಲ್ಲಿ ಹಿಡಿದು, ತಿರುಗಿಸಿ ನೋಡಿ, "ಇದರಾಗ ಕುಷ್ಟಗಿ ಎಲ್ಲಿ ಬರತೈತ್ರಿ?" ಎಂದು ನಕಾಶೆ ಕೇಳಿದಂತೆ ಕೇಳಿದಳು. ಅದೂ ನಿಂತಿತು. ಕೊನೆಗೆ ಏನೂ ಶ್ರಮವಿಲ್ಲದ್ದು ಇರಲಿ ಎಂದು, ವರ್ಷದ ಮೊದಲ ಮಳೆಗೆ ಎಲ್ಲರೂ ಕೂಡಿ ಅಂಗಳದಲ್ಲಿ ನಿಂತು ನೆನೆಯುವುದು ಎಂದು ತೀರ್ಮಾನಿಸಿದೆ. ಆ ವರ್ಷ ಮೊದಲ ಮಳೆ ಬಂದಾಗ ನಾನು ಆಫೀಸಿನಲ್ಲಿದ್ದೆ, ಹೆಂಡತಿ ಸಂತೆಯಲ್ಲಿದ್ದಳು, ಮಗಳು ವೀಣಾ ಸಾಲೆಯಲ್ಲಿದ್ದಳು. ನೆನೆದದ್ದು ಅಂಗಳದಲ್ಲಿ ಒಣಹಾಕಿದ್ದ ಹಾಸಿಗೆ ಒಂದೇ. ಅದು ಆರಲು ವಾರ ಹಿಡಿಯಿತು, ಅಷ್ಟೂ ದಿನ ನಾನು ಸಂಪ್ರದಾಯದ ಸುದ್ದಿ ಎತ್ತಲಿಲ್ಲ.

ನಾನು ಕೈಬಿಟ್ಟ ಮೇಲೆ ಸಂಪ್ರದಾಯ ತಾನಾಗಿಯೇ ಬಂದು ನಮ್ಮನ್ನು ಹಿಡಿಯಿತು. ಗಿರಿಜಾಳ ಅಕ್ಕನನ್ನು ಶ್ರೀರಾಮನಗರಕ್ಕೆ ಕೊಟ್ಟಿದ್ದಾರೆ. ಅಲ್ಲಿ ಅವರ ಯಜಮಾನರದು ಗೊಬ್ಬರದ ಅಂಗಡಿ. ಶ್ರಾವಣದ ಕಡೆಯ ಸೋಮವಾರ ಅವರ ಮನೆಯಲ್ಲಿ ಹೋಳಿಗೆ ಊಟ, ನಾವು ಹೋಗಲೇಬೇಕು. ಆ ಸಲ ಮೂವರೂ ಸ್ಕೂಟರಿನಲ್ಲಿ ಹೊರಟೆವು. ಐದಾರು ವರ್ಷದ ವೀಣಾ ಮುಂದೆ ನಿಂತಿದ್ದಳು, ಗಿರಿಜಾ ಹಿಂದೆ ಅಡ್ಡ ಕುಳಿತಿದ್ದಳು. ಗಂಗಾವತಿ ದಾಟಿ ಕಾಲುವೆ ಪಕ್ಕದ ಒಂದು ಬೇವಿನ ಗಿಡದ ಹತ್ತಿರ ಹಿಂದಿನ ಗಾಲಿ ಉಸ್ಸೆಂದಿತು. ಸ್ಟೆಪ್ನಿ ತೆಗೆದು ನೋಡಿದರೆ ಅದು ಮೊದಲೇ ಉಸ್ಸೆಂದಿತ್ತು. ಮುಂದೆ ಕಣ್ಣಳತೆಯಲ್ಲಿ ಒಂದು ತಗಡಿನ ಪಂಚರ್ ಅಂಗಡಿ ಕಾಣುತ್ತಿತ್ತು. ನಾನು ಸ್ಕೂಟರ್ ನೂಕತೊಡಗಿದೆ. ಗಿರಿಜಾ ಮಾತು ಶುರುಮಾಡಿದಳು.

"ನಾ ನಿನ್ನೇನ ಹೇಳಿದ್ದೆ, ಗಾಲಿ ತೋರಿಸ್ಕೊಂಡು ಬರ್ರಿ ಅಂತ. ಕಿವ್ಯಾಗ ಹೋದ್ರಲ್ಲ! ಅಕ್ಕನ ಮನ್ಯಾಗ ಹೋಳಗಿ ಆರಿ ರಟ್ಟು ಆಗಿರತಾವ. ನಿಮ್ಮ ಮನಿತನಾನ ಹಿಂಗ. ನಮ್ಮ ಮದುವಿ ದಿನ ನಿಮ್ಮಪ್ಪ ನಿಬ್ಬಣದ ಬಸ್ಸಿಗೆ ಡೀಜಲ್ ಹಾಕಿಸಿರಲಿಲ್ಲ!" ಹೀಗೆ ಹೇಳುತ್ತಲೇ ಹೊಸ ಚಪ್ಪಲಿ ಕಚ್ಚುತ್ತದೆಂದು ಎರಡನ್ನೂ ಕಳಚಿ ಕೈಯಲ್ಲಿ ಹಿಡಿದುಕೊಂಡಳು. ಕೈ ಬೀಸಿ ಮಾತಾಡುವವರ ಕೈಯಲ್ಲಿ ಚಪ್ಪಲಿ ಇದ್ದರೆ ನೋಡುವವರಿಗೆ ಅದು ಹೇಗೆ ಕಾಣುತ್ತದೆ ಎಂದು ನಾನು ವಿವರಿಸಬೇಕಾಗಿಲ್ಲ. ನಾನು ಅಂದದ್ದು ಎರಡೇ ಮಾತು. "ಗಾಳಿ ನನ್ನ ಕೇಳಿ ಹೋಗತೈತೇನು?" ಅನ್ನುವುದು ಒಂದು, "ಸುಮ್ನ ನಡಿ" ಅನ್ನುವುದು ಇನ್ನೊಂದು. ವೀಣಾ ನೆಲಕ್ಕೆ ಕಾಲು ಬಡಿದು, "ನನಗ ಮಂಡಕ್ಕಿ ಬೇಕೂ" ಎಂದು ಅಳತೊಡಗಿದಳು. ಅಂಗಡಿ ಮುಟ್ಟಿದಾಗ ಅಲ್ಲಿನ ಖಾಜಾಸಾಬ್ ಎದ್ದು ಬಂದು, "ಅಕ್ಕಾರ ದನಿ ಇಲ್ಲಿತನಕ ಕೇಳಸ್ತಿತ್ರಿ ಸಾಹೇಬ್ರ. ಕುಂದರ್ರಿ, ಮೊದಲ ಮಿರ್ಚಿ ಮಂಡಕ್ಕಿ ತಿನ್ರಿ, ಆಮ್ಯಾಲೆ ಬೇಕಾದ್ರ ಮುಂದಿಂದು ಆಡ್ರಿ" ಎಂದ. ಪಕ್ಕದಲ್ಲೇ ಅವನ ಹೆಂಡತಿಯ ಮಿರ್ಚಿ ಬಾಣಲೆ ಇತ್ತು. ತಿಂದ ಮೇಲೆ ಮುಂದಿನದ್ದು ಆಡಲು ಏನೂ ಉಳಿಯಲಿಲ್ಲ. ಅಕ್ಕನ ಮನೆಯಲ್ಲಿ ಹೋಳಿಗೆ ಬಿಸಿಯಾಗಿಯೇ ಇದ್ದವು.

ಮರುವರ್ಷ ಅದೇ ದಾರಿಯಲ್ಲಿ ಬೇವಿನ ಗಿಡ ಬರುತ್ತಲೇ ವೀಣಾ ಬ್ರೇಕಿನ ಮೇಲೆ ಕಾಲಿಟ್ಟು, "ಅಪ್ಪಾ, ನಿಲ್ಲಸ. ಇಲ್ಲೇ ನೀವು ಜಗಳಾಡಿದ್ದು. ಈಗೂ ಆಡ್ರಿ" ಎಂದಳು. ನಕ್ಕು ಒಂದೆರಡು ಮಾತು ಆಡಿದೆವು. ಅಲ್ಲಿಗೆ ಮುಗಿಯಿತು ಎಂದುಕೊಂಡದ್ದು ನಮ್ಮ ದಡ್ಡತನ. ಅದರ ಮುಂದಿನ ವರ್ಷ ಅವಳು ಇಳಿಸಿ, ನೂಕಿಸಿ, ಚಪ್ಪಲಿ ಕೈಗೆ ಕೊಟ್ಟು, ಸಾಲಾಗಿ ಮಾತು ಹೇಳಿಸಿದಳು. ಮಗುವಿನ ನೆನಪು ಎಷ್ಟು ಗಟ್ಟಿ ನೋಡಿ! "ಅವ್ವಾ, ಹೋಳಗಿ ಮಾತು ಮೊದಲು, ಡೀಜಲ್ ಮಾತು ಆಮ್ಯಾಲೆ" ಎಂದು ತಿದ್ದುತ್ತಿದ್ದಳು. ತನ್ನ ಪಾಲಿಗೆ ಬಂದಾಗ ತಾನೂ ಕಾಲು ಬಡಿದು ಮಂಡಕ್ಕಿಗಾಗಿ ಅಳುತ್ತಿದ್ದಳು. ಹೈಸ್ಕೂಲಿಗೆ ಹೋದರೂ ಅತ್ತಳು, ಬಿ.ಎಡ್ ಮುಗಿಸಿ ತಾನೇ ಮಾಸ್ತರಿಣಿಯಾದ ಮೇಲೂ ಅತ್ತಳು. ಖಾಜಾಸಾಬನೂ ಪ್ರತಿ ಸಲ ತನ್ನ ಮಾತು ಒಪ್ಪಿಸುತ್ತಿದ್ದ.

ಇದರಲ್ಲಿ ನನಗೆ ಆದ ಅನ್ಯಾಯವನ್ನು ಯಾರೂ ಲೆಕ್ಕಕ್ಕೆ ಹಿಡಿಯಲಿಲ್ಲ. ಗಿರಿಜಾಳ ಡೀಜಲ್ ಮಾತಿಗೆ ತಕ್ಕ ಉತ್ತರ ನನಗೆ ಹೊಳೆದದ್ದು ಆ ಜಗಳದ ಮೂರನೇ ದಿನ, ಗಡ್ಡ ಕೆರೆದುಕೊಳ್ಳುವಾಗ. 'ಅವತ್ತು ಬಸ್ಸು ಬರಲಿಲ್ಲ ಅಂದ್ರ ಬಾಸಿಂಗ ಬಿಚ್ಚಿಟ್ಟು ಮನಿಗೆ ಹೋಗಬೇಕಿತ್ತು, ಯಾಕ ಕಾಯ್ಕೋತ ಕುಂತಿದ್ದಿ?' ಎಂಥಾ ಉತ್ತರ! ಆಹಾ ಅನ್ನಿಸಿ ಗಲ್ಲ ಕೊಯ್ದುಕೊಂಡೆ. ಮುಂದಿನ ಶ್ರಾವಣದಲ್ಲಿ ಅದನ್ನು ಸೇರಿಸಲು ಹೋದರೆ ವೀಣಾ ಕೈ ಅಡ್ಡ ಹಿಡಿದಳು. "ಅವತ್ತು ನೀ ಹಂಗ ಅಂದಿಲ್ಲಪಾ."

"ಅನ್ನಬೇಕಾಗಿತ್ತವಾ."

"ಅನ್ನಬೇಕಾಗಿದ್ದು ಬ್ಯಾರೆ, ಅಂದಿದ್ದು ಬ್ಯಾರೆ. 'ಸುಮ್ನ ನಡಿ' ಅನ್ನು."

ಹೀಗೆ ಒಳ್ಳೆಯ ಉತ್ತರವನ್ನು ಬಾಯಲ್ಲಿಟ್ಟುಕೊಂಡು ವರ್ಷಾನುಗಟ್ಟಲೆ 'ಸುಮ್ನ ನಡಿ' ಅನ್ನುತ್ತ ಬಂದವನು ನಾನು. ಸೋಲು ಒಂದು ಸಲ ಆದರೆ ಮರೆಯಬಹುದು. ಅದನ್ನೇ ಪ್ರತಿ ಶ್ರಾವಣಕ್ಕೆ ಹೋಳಿಗೆ ಊಟಕ್ಕೆ ಮುಂಚೆ ಸೋಲುವುದೆಂದರೆ ಕಷ್ಟ.

ಸ್ಕೂಟರ್ ಹೋಗಿ ಹಳೆಯ ಕಾರು ಬಂದಾಗ ಇದು ತಪ್ಪೀತು ಎಂದುಕೊಂಡೆ. ತಪ್ಪಲಿಲ್ಲ, ಕಾರನ್ನೇ ನೂಕಬೇಕಾಯಿತು. ಎಂಜಿನ್ ಬಂದ್ ಮಾಡಿ, ಕಿಟಕಿಯಲ್ಲಿ ಕೈ ತೂರಿಸಿ ಸ್ಟೇರಿಂಗ್ ಹಿಡಿದು, ಏನೂ ಕೆಡದ ಗಾಡಿಯನ್ನು ನೂಕುವುದು. ದಾರಿಹೋಕರು ಸುಮ್ಮನಿರುತ್ತಾರೆಯೇ? ನಾಟಿಗೆ ಹೊರಟ ಹೆಣ್ಣುಮಕ್ಕಳು ಟಂಟಂ ಆಟೋದಿಂದ ಇಳಿದು ಬಂದು ನೂಕಿದರು. ಒಬ್ಬರು ಹಗ್ಗ ತಂದರು. 'ಬ್ಯಾಡ್ರಿ, ಗಾಡಿ ಛಲೋ ಐತಿ' ಎಂದರೆ, ಪಾಪ, ಸಂಕೋಚದ ಮನುಷ್ಯ ಎಂದುಕೊಂಡು ಇನ್ನೂ ಜೋರಾಗಿ ನೂಕುತ್ತಿದ್ದರು. ಪ್ರತಿ ವರ್ಷ ಅದೇ ಗಿಡದ ಹತ್ತಿರ ಅದೇ ಜನರ ಗಾಡಿ ನಿಲ್ಲುತ್ತದೆ ಎಂಬ ಸುದ್ದಿ ಹಬ್ಬಿ, ಜಾಗದಲ್ಲೇ ಏನೋ ಇದೆ ಎಂದಾಯಿತು. ಒಂದು ವರ್ಷ ಹೋದಾಗ ಗಿಡಕ್ಕೆ ನಿಂಬೆಹಣ್ಣು ಮೆಣಸಿನಕಾಯಿ ಕಟ್ಟಿದ್ದರು. ಮರುವರ್ಷ ಬುಡದಲ್ಲಿ ಕುಂಕುಮ ಹಚ್ಚಿದ ಕಲ್ಲು ಬಂತು. ಅದರ ಮರುವರ್ಷ ಒಬ್ಬ ಲಾರಿ ಡ್ರೈವರು ನನ್ನನ್ನೇ ನಿಲ್ಲಿಸಿ, "ಇಲ್ಲಿ ಗಾಡಿ ನಿಲ್ಲತಾವ್ರಿ ಕಾಕಾ, ಒಂದು ಕಾಯಿ ಒಡದು ಹೋಗ್ರಿ" ಎಂದು ಬುದ್ಧಿ ಹೇಳಿದ. ಗಿರಿಜಾ ಭಕ್ತಿಯಿಂದ ಒಡೆದಳು. "ನಮ್ಮಿಂದಾನ ಆಗಿದ್ದಲ್ಲೇನ ಇದು?" ಎಂದರೆ, "ಯಾರಿಂದ ಆದ್ರೇನು, ಈಗ ಐತಲ್ರಿ" ಎಂದಳು.

ವೀಣಾಳಿಗೆ ವರ ನೋಡುತ್ತಿದ್ದ ವರ್ಷ ಬಂತು. ಬಂದ ಹುಡುಗರನ್ನೆಲ್ಲ ಅವಳು ಒಂದೊಂದು ನೆಪ ಹೇಳಿ ಕಳಿಸಿದ್ದಳು. ತಳಕಲ್ಲಿನ ಶಿವಪ್ಪ ಮಾಸ್ತರರ ಮಗ ಮಹಾಂತೇಶ, ಕುಷ್ಟಗಿಯ ಕಾಲೇಜಿನಲ್ಲಿ ಪಾಠ ಹೇಳುವವನು, ಬಂದು ನೋಡಿ ಹೋದ ಮೇಲೆ ಮಾತ್ರ ಅವಳು ಪಾತ್ರೆ ಒರೆಸುತ್ತ, "ಈ ಹುಡುಗ ಆಗಬಹುದವಾ, ನಗಸತಾನ" ಎಂದಳು. ಅವಳ ಬಾಯಿಂದ ಅದು ದೊಡ್ಡ ಮಾತು. ಅಂದಿನಿಂದ ಅವಳು ಫೋನು ಕೈಗೆ ಸಿಗುವ ಹಾಗೆ ಇಟ್ಟುಕೊಳ್ಳತೊಡಗಿದಳು. ಶಿವಪ್ಪ ಮಾಸ್ತರರು ನಿವೃತ್ತ ಮುಖ್ಯೋಪಾಧ್ಯಾಯರು, ಶಿಸ್ತಿನ ಮನುಷ್ಯ. ಅವರ ಹೆಂಡತಿ ಗೌರಮ್ಮನವರು ನಮ್ಮ ಮನೆಯಲ್ಲಿ ಕುಳಿತಷ್ಟು ಹೊತ್ತು ತುಟಿ ಬಿಚ್ಚಿರಲಿಲ್ಲ. ಗಿರಿಜಾ, "ಅಕ್ಕಾರ, ಚಹಾಕ್ಕ ಸಕ್ಕರಿ ಎಷ್ಟ ಹಾಕ್ಲಿ?" ಎಂದು ಅವರನ್ನು ಕೇಳಿದರೆ, "ಅರ್ಧ ಚಮಚ" ಎಂದವರು ಮಾಸ್ತರರು. ಹೊರಡುವಾಗ, "ಶ್ರಾವಣ ಮುಗೀಲಿ, ಹೇಳಿ ಕಳಸ್ತೀವಿ. ನಮಗ ಮರ್ಯಾದಿ ಮನಿತನ ಒಂದ ಸಾಕು, ಬ್ಯಾರೆ ಏನೂ ಬ್ಯಾಡ" ಎಂದಿದ್ದರು.

ಆ ಶ್ರಾವಣದ ಕಡೆಯ ಸೋಮವಾರ ನಾವು ಎಂದಿನಂತೆ ಕಾರು ನೂಕುತ್ತಿದ್ದೆವು. ಗಿರಿಜಾ ಬಲಗೈಯ ಚಪ್ಪಲಿ ಎತ್ತಿ, "ನಿಮ್ಮ ಮನಿತನಾನ ಹಿಂಗ!" ಎಂದು ಗರ್ಜಿಸುತ್ತಿದ್ದಳು. ವೀಣಾ ನಡುರಸ್ತೆಯಲ್ಲಿ ಕಾಲು ಬಡಿದು ಮಂಡಕ್ಕಿಗಾಗಿ ಅಳುತ್ತಿದ್ದಳು. ಅಷ್ಟರಲ್ಲಿ ಒಂದು ಜೀಪು ಬಂದು ಕುಂಕುಮದ ಕಲ್ಲಿನ ಹತ್ತಿರ ನಿಂತಿತು. ಒಳಗಿಂದ ಒಬ್ಬ ಹಿರಿಯರು ತೆಂಗಿನಕಾಯಿ ಹಿಡಿದು ಇಳಿದರು. ಈ ಜಾಗದಲ್ಲಿ ಗಾಡಿ ನಿಲ್ಲುತ್ತವೆ ಎಂದು ಯಾರೋ ಹೇಳಿದ್ದರಂತೆ. ಗಂಗಾವತಿಯ ಕಡೆ ಕೆಲಸಕ್ಕೆ ಬಂದ ಶಿವಪ್ಪ ಮಾಸ್ತರರು ಅವರು. ಜೀಪಿನ ಹಿಂದೆ ಗೌರಮ್ಮನವರೂ ಇದ್ದರು.

"ಏನ್ರೀ ಇದು?" ಎಂದರು ಮಾಸ್ತರರು. ಅವರ ಕಣ್ಣು ಚಪ್ಪಲಿಯಿಂದ ವೀಣಾಳಿಗೆ, ವೀಣಾಳಿಂದ ಚಪ್ಪಲಿಗೆ ಓಡಾಡುತ್ತಿತ್ತು.

"ಏನಿಲ್ರಿ ಸರ್, ಇದು ಖರೆ ಜಗಳ ಅಲ್ರಿ. ನಾವು ಪ್ರತಿ ಶ್ರಾವಣಕ್ಕ ಇಲ್ಲಿ ಬಂದು ಆಡ್ತೀವ್ರಿ."

"ಪ್ರತಿ ಶ್ರಾವಣಕ್ಕ? ಗಾಡಿ ಕೆಟ್ಟೈತೇನು?"

"ಇಲ್ರಿ, ಗಾಡಿ ಛಲೋ ಐತ್ರಿ."

"ಮತ್ತ ಯಾಕ ನೂಕಾಕತ್ತೀರಿ?"

ಇದಕ್ಕೆ ತಕ್ಕ ಉತ್ತರ ಮೂರು ದಿನ ಕೊಟ್ಟಿದ್ದರೆ ಹೊಳೆಯುತ್ತಿತ್ತೇನೋ. ನಮ್ಮ ಕಷ್ಟ ನೋಡಲಾರದೆ ಖಾಜಾಸಾಬ್ ಓಡಿ ಬಂದ. "ಭಾಳ ಛಲೋ ಮಂದಿ ಅದಾರ್ರಿ ಯಜಮಾನ್ರ, ನಾ ಹೇಳ್ತೀನಿ ಕೇಳ್ರಿ. ಇಪ್ಪತ್ತು ವರ್ಷಾತು, ಇದು ಸಾಲಾಬಾದ್ ಐತ್ರಿ, ಒಂದ ವರ್ಷಾನೂ ತಪ್ಪಿಲ್ಲ. ನನ್ನ ಅಂಗಡಿ ತಗಡಿಂದಿತ್ತು, ಈಗ ಸ್ಲ್ಯಾಬ್ ಆಗೈತಿ. ಇವರ ಜಗಳ ಮಾತ್ರ ಹಂಗ ಐತಿ. ಅಕ್ಕಾರು ಒಂದ ವರ್ಷರ ಬಿಟ್ಟಿದ್ರ ಕೇಳ್ರಿ!" ಎಂದು ಎದೆ ಮುಟ್ಟಿಕೊಂಡು ಸಾಕ್ಷಿ ಹೇಳಿದ. ಇದಕ್ಕಿಂತ ಒಳ್ಳೆಯ ಮನಸ್ಸಿನಿಂದ ಯಾರೂ ಯಾರ ಮನೆಯನ್ನೂ ಮುರಿದಿರಲಿಕ್ಕಿಲ್ಲ. ಮಾಸ್ತರರು ತೆಂಗಿನಕಾಯಿ ಒಡೆಯದೆ ಹಾಗೆಯೇ ಜೀಪಿನಲ್ಲಿಟ್ಟು ಹೊರಟುಹೋದರು. ಗೌರಮ್ಮನವರು ಮಾತ್ರ ಜೀಪು ಕಾಣುವಷ್ಟು ದೂರವೂ ಹಿಂದಕ್ಕೆ ತಿರುಗಿ ನಮ್ಮನ್ನೇ ನೋಡುತ್ತಿದ್ದರು.

ಆ ದಿನ ಹೋಳಿಗೆ ಯಾರಿಗೂ ರುಚಿಸಲಿಲ್ಲ. ವೀಣಾ ಬೈದಿದ್ದರೆ ನನಗೆ ಸಮಾಧಾನವಾಗುತ್ತಿತ್ತು, ಅವಳು ಬೈಯಲಿಲ್ಲ. ಗಿರಿಜಾ ಮನೆಗೆ ಬಂದವಳೇ ಚಪ್ಪಲಿಗಳನ್ನು ಮೂಲೆಗೆ ಒಗೆದು, "ಇನ್ನ ಈ ಆಟ ಸಾಕ್ರಿ. ಕೂಸಿನ ಬಾಳೇವು ಹಾಳು ಮಾಡಿದ್ವಿ" ಎಂದು ಕುಳಿತಳು. ವೀಣಾ ನೀರು ಕೊಟ್ಟು, "ಅವ್ವಾ, ಇದನ್ನ ನೋಡಿ ಬ್ಯಾಡ ಅನ್ನೋ ಮನ್ಯಾಗ ನಾ ಹೋಗಿ ಏನ ಮಾಡ್ಲಿ?" ಎಂದಳು. ದನಿ ಗಟ್ಟಿಯಾಗಿತ್ತು, ಕಣ್ಣು ತುಂಬಿದ್ದವು. ಶ್ರಾವಣ ಮುಗಿಯಿತು, ಗಣಪತಿ ಬಂದು ಹೋದ, ತಳಕಲ್ಲಿನಿಂದ ಸುದ್ದಿಯಿಲ್ಲ. ಮನೆಯಲ್ಲಿ ಫೋನು ರಿಂಗಾದರೆ ಮೂವರೂ ಒಟ್ಟಿಗೆ ಎದ್ದು, ಒಟ್ಟಿಗೆ ಕುಳಿತುಕೊಳ್ಳುತ್ತಿದ್ದೆವು.

ಮಹಾನವಮಿಗೆ ಮುಂಚೆ ಅವರೇ ಬಂದರು. ಮಾಸ್ತರರು ಗಂಟಲು ಸರಿಮಾಡಿಕೊಂಡು, "ಖರೆ ಹೇಳ್ತೀನಿ, ನನಗ ಈ ಸಂಬಂಧ ಬ್ಯಾಡಾಗಿತ್ತು. ಆದ್ರ ನಮ್ಮ ಮನ್ಯಾಗ..." ಎಂದು ಹೆಂಡತಿಯ ಕಡೆ ನೋಡಿದರು. ಮುಂದಿನದ್ದನ್ನು ಗೌರಮ್ಮನವರೇ ಹೇಳಿದರು. ಅವರ ದನಿ ನಾನು ಕೇಳಿದ್ದು ಅದೇ ಮೊದಲು. "ಈ ಮನಿ ಹುಡುಗೀನ ಬೇಕು ಅಂತ ನಾನ ಹಟ ಹಿಡದೀನ್ರಿ. ಹೆಂಡತಿ ಬೀದ್ಯಾಗ ನಿಂತು ಅಷ್ಟು ಮಾತಾಡಿದ್ರೂ ಗಾಡಿ ನೂಕ್ಕೋತ ಸುಮ್ನ ಹೊಂಟಿದ್ರಲ್ಲ ಅಣ್ಣಾರು, ಅದನ್ನ ನೋಡಿದ ಮ್ಯಾಲೆ ನನಗ ನಿದ್ದಿ ಬಂದಿಲ್ಲ. ನಂದೊಂದ ಮಾತು. ಮುಂದಿನ ಶ್ರಾವಣಕ್ಕ ನಮ್ಮನ್ನೂ ಕರೀಬೇಕು." ಒಳಗೆ ಪಾತ್ರೆ ಬಿದ್ದ ಸದ್ದಾಯಿತು, ವೀಣಾ ಬಾಗಿಲ ಮರೆಯಲ್ಲಿ ನಿಂತು ಕೇಳುತ್ತಿದ್ದಳು. ಮಾರ್ಗಶಿರದಲ್ಲಿ ಮದುವೆ ಮುಗಿಯಿತು. ನಿಬ್ಬಣದ ಬಸ್ಸಿಗೆ ಡೀಜಲ್ ಇದೆಯೋ ಇಲ್ಲವೋ ಎಂದು ಗಿರಿಜಾ ಸ್ವತಃ ಇಣುಕಿ ನೋಡಿದಳು.

ಮುಂದಿನ ಶ್ರಾವಣಕ್ಕೆ ಎರಡು ಗಾಡಿ ಹೊರಟವು. ಬೇವಿನ ಗಿಡದ ಹತ್ತಿರ ಇಳಿದಾಗ ವೀಣಾ, "ಅತ್ತಿ, ನಿಮಗೂ ಒಂದು ಮಾತು ಹೇಳಿಕೊಡ್ತೀನಿ" ಎಂದಳು. ಗೌರಮ್ಮನವರು, "ಬ್ಯಾಡವಾ, ನನ್ನವು ಅದಾವ" ಎಂದು ಚಪ್ಪಲಿ ಕಳಚಿ ಮಗನ ಕೈಗೆ ಕೊಟ್ಟರು. ಆಮೇಲೆ ಗಂಡನ ಕಡೆ ತಿರುಗಿ, ಸಂತೆಯಲ್ಲಿ ಬದನೆಕಾಯಿ ದರ ಕೇಳುವಷ್ಟು ಸಾವಧಾನವಾಗಿ ಶುರುಮಾಡಿದರು. "ನನ್ನ ತಮ್ಮನ ಮದುವಿಗೆ ಎರಡು ದಿನ ಮೊದಲ ಹೋಗ್ತೀನಿ ಅಂದೆ. ಸಾಲಿ ತಪಾಸಣಿ ಐತಿ, ರೊಟ್ಟಿ ಮಾಡವ್ರು ಯಾರು ಅಂದ್ರಿ. ಅಕ್ಕಿಕಾಳು ಹಾಕೋ ಹೊತ್ತಿಗೆ ಹೋಗಿ, ಊಟ ಮಾಡದ ತಿರುಗಿ ಬಂದೆ. ನಮ್ಮವ್ವ ಬಸ್ಸಿನ ಮಟಾ ಬುತ್ತಿ ಹಿಡಕೊಂಡು ಓಡಿ ಬಂದಿದ್ಲು. ನಿಮಗ ಗೊತ್ತೈತೇನು ಅದು?" ಮಾಸ್ತರರಿಗೆ ಗೊತ್ತಿರಲಿಲ್ಲ. ಅವರು ನನ್ನ ಪಕ್ಕದಲ್ಲಿ ಕಾರು ನೂಕುತ್ತಿದ್ದರು. "ಚಹಾಕ್ಕ ನನಗ ಎರಡು ಚಮಚ ಸಕ್ಕರಿ ಬೇಕು. ಅರ್ಧ ಅಂತ ನಿಮಗ ಯಾರು ಹೇಳಿದ್ರು?" ಒಂದಾದ ಮೇಲೊಂದು ಬಂದವು. ಪಂಚರ್ ಅಂಗಡಿ ಬಂದಿತು, ನಾವು ನಿಲ್ಲಿಸಲಿಲ್ಲ. ಅವರು ಇನ್ನೂ ಮಗ ಹುಟ್ಟಿದ ವರ್ಷಕ್ಕೆ ಬಂದಿದ್ದರು, ಹೇಗೆ ನಿಲ್ಲಿಸುವುದು? ಅಂಗಡಿ ದಾಟಿ ಬಹಳ ದೂರ ನೂಕಿ, ಮಾತು ಮುಗಿದ ಮೇಲೆ ಗಾಡಿ ತಿರುಗಿಸಿಕೊಂಡು ಬಂದೆವು. ಖಾಜಾಸಾಬ್ ತನ್ನ ಮಾತು ಮರೆತು ನಿಂತಿದ್ದ. ಮಾಸ್ತರರು ಮಿರ್ಚಿ ಬಾಣಲೆಯ ಹತ್ತಿರ ಹೋಗಿ, ಕೆಳದನಿಯಲ್ಲಿ, "ಒಂದು ಚಹಾ ಮಾಡವಾ, ಸಕ್ಕರಿ ಎರಡು ಚಮಚ" ಎಂದರು. ಅದನ್ನು ತಾವೇ ಹಿಡಿದುಕೊಂಡು ಹೋಗಿ ಹೆಂಡತಿಗೆ ಕೊಟ್ಟರು. ಗೌರಮ್ಮನವರು ಕುಡಿದರು. ನಾವೆಲ್ಲ ಕಾಲುವೆಯ ನೀರು ನೋಡುತ್ತ ನಿಂತೆವು.

ಅದಾದ ಮೇಲೆ ನಮ್ಮ ಸರದಿ. ಗಿರಿಜಾ ಹೋಳಿಗೆ, ರಟ್ಟು, ಡೀಜಲ್ ಎಲ್ಲವನ್ನೂ ಅಂದಳು, ಆದರೆ ಮಳೆಯಲ್ಲಿ ನೆನೆದ ಪಟಾಕಿಯ ಹಾಗೆ ಒಂದೂ ಸಿಡಿಯಲಿಲ್ಲ. ಸಂಜೆ ಕೊಪ್ಪಳಕ್ಕೆ ಮರಳುವಾಗ ಕಾರಿನಲ್ಲಿ ನಾವಿಬ್ಬರೇ. ಅವಳು, "ಬೀಗತಿ ಮುಂದ ನಮ್ಮದು ಸಪ್ಪಗಾತಲ್ರಿ" ಎಂದಳು.

"ಅವರವು ಖರೇವು. ನಮ್ಮದು ಆಟ" ಎಂದು ನಾನು ದೊಡ್ಡವನಂತೆ ಹೇಳಿದೆ.

"ಅದಕ್ಕ ಅಂತೀನಿ. ಹಳೇವು ಸಾಕು. ಮುಂದಿನ ವರ್ಷದಿಂದ ನಾನೂ ಖರೇವು ಆಡ್ತೀನಿ."

ನಾನು ನಕ್ಕೆ. ನಮ್ಮ ಮನೆಯಲ್ಲಿ ಅಂಥವು ಎಲ್ಲಿರಬೇಕು? ವರ್ಷಾ ವರ್ಷಾ ಜಗಳ ಆಡಿ ಮುಗಿಸಿದ ಆದರ್ಶ ದಂಪತಿ ನಾವು. "ನಿನ್ನ ಹತ್ರ ಖರೇವು ಅದಾವೇನು?" ಎಂದು ಕೇಳಿದೆ. ಅವಳು ಕಿಟಕಿಯ ಆಚೆ ನೋಡುತ್ತ ಒಂದೊಂದೇ ಬೆರಳು ಮಡಚತೊಡಗಿದಳು. ಗಂಗಾವತಿ ದಾಟಿತು, ಇನ್ನೂ ಮಡಚುತ್ತಿದ್ದಳು. ಕೊಪ್ಪಳದ ದೀಪಗಳು ಕಂಡವು, ಆಗಲೂ ಎಣಿಕೆ ಮುಗಿದಿರಲಿಲ್ಲ. ಮನೆಯ ಮುಂದೆ ಇಳಿಯುವಾಗ, "ಒಂದು ವರ್ಷದಾಗ ಮುಗೀತಾವೋ ಇಲ್ಲೋ, ನೋಡೂಣು" ಎಂದು ಒಳಗೆ ಹೋದಳು.

ಈಗ ಮತ್ತೆ ಶ್ರಾವಣ ಹತ್ತಿರ ಬರುತ್ತಿದೆ. ಇತ್ತೀಚೆಗೆ ನಾನು ಬೆಳಿಗ್ಗೆ ಎದ್ದು ಹಾಲು ಕಾಯಿಸುತ್ತೇನೆ, ಉಕ್ಕದಂತೆ ಎದುರಿಗೇ ನಿಂತಿರುತ್ತೇನೆ. ಟವೆಲನ್ನು ಹಾಸಿಗೆಯ ಮೇಲೆ ಒಗೆಯುವುದಿಲ್ಲ. ಅವಳ ತವರಿನವರು ಬಂದರೆ ಪೇಪರು ಮಡಚಿಟ್ಟು ಎದ್ದು ಬಂದು ಮಾತಾಡಿಸುತ್ತೇನೆ. ಮೊನ್ನೆ ಯಾರೂ ಹೇಳದೆ ಅವಳ ಕನ್ನಡಕ ರಿಪೇರಿ ಮಾಡಿಸಿಕೊಂಡು ಬಂದು ಕೈಗೆ ಕೊಟ್ಟೆ. ಗಿರಿಜಾ ಅದನ್ನು ಹಾಕಿಕೊಂಡು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, "ಈಗ ಮಾಡಿ ಏನ ಉಪಯೋಗ್ರಿ? ನನಗ ಎಲ್ಲಾ ಬಾಯಿಪಾಠ ಆಗ್ಯಾವು" ಎಂದಳು.